ಕೈ ಕಟ್ಟಿದ್ರ ಬರದ ಪದ್ಯ

ದೋಸ್ತರ, ನಮ್ಮ ಶಾಲ್ಯಾಗ ಆಗಿದ್ದು ಕೇಳ್ರಿ.

ಬೆಟಗೇರ್ಯಾಗ ನನ್ನ ಮೂರನೆ ವರ್ಗದ ಮಕ್ಕಳು ಹೆಚ್ಚಿನವರು ನೇಕಾರರ ಮನಿಯವರು. ಅದಕ್ಕ ಪದ್ಯಾನ ಮಗ್ಗದ ತಾಳಕ್ಕ ಕಲಿಸೀನಿ. ಕಾಲಿಂದ ಎರಡು ಸಲ ನೆಲ ತುಳಿಯೂದು, ಕೈಯಿಂದ ಒಮ್ಮೆ ಎಳಿಯೂದು, ಒಂದು ಸಾಲು ಹೇಳೂದು. ಇವತ್ತ ಅದ ಗದ್ದಲದಾಗ ತಪಾಸಣಿಗೆ ಬಂದ ಸಾಹೇಬ್ರು ಬಾಗಿಲಾಗ ನಿಂತಿದ್ರು.

“ಏನ್ರಿ ಟೀಚರ್, ಇದು ಶಾಲಿಯೋ, ಸಂತಿಯೋ?”

ತುಳಿಯೂ ಕಾಲು ನಿಂತ್ವು. ಮುಂದ ಕುಂತಿದ್ದ ರುಬೀನಾಗ, “ಎದ್ದು ಕೈ ಕಟ್ಟಿ ಪದ್ಯ ಹೇಳು” ಅಂದ್ರು. ಹುಡುಗಿ ಒಂದು ಸಾಲು ಹೇಳಿ ನಿಂದರಿಸಿಬಿಟ್ಲು. ಸಾಹೇಬ್ರು ನನ್ನ ಮಾರಿ ನೋಡಿದ್ರು.

“ಯಾಕ, ಬರಂಗಿಲ್ಲೇನು?”

“ಬರತೈತ್ರಿ ಸರ. ಕೈ ಕಟ್ಟಿದ್ರ ಮಗ್ಗ ನಡಿಯಂಗಿಲ್ರಿ,” ಅಂದ್ಲು ರುಬೀನಾ.

ಸಾಹೇಬ್ರು ಕನ್ನಡಕ ತೆಗೆದ್ರು. “ಹಂಗಾರ ಕೈ ಬಿಟ್ಟು ಹೇಳು.”

ಒಂದು ಸಾಲೂ ತಪ್ಪದಂಗ ಹೇಳಿದ್ಲು. ಮುಗಿಯೂದರಾಗ ಇಡೀ ವರ್ಗ ನೆಲ ತುಳಿಯಾಕತ್ತಿತ್ತು.

ಸಾಹೇಬ್ರು ತಪಾಸಣಿ ಪುಸ್ತಕದಾಗ ಬರೆದು ಹೋದದ್ದು ಇಷ್ಟು: “ಮಕ್ಕಳಿಗೆ ಪದ್ಯ ಬರುತ್ತದೆ. ವರ್ಗದಲ್ಲಿ ಶಿಸ್ತಿಲ್ಲ. ಶಿಕ್ಷಕಿ ನಾಳೆಯೊಳಗೆ ಲಿಖಿತ ವಿವರಣೆ ಕೊಡಬೇಕು.”

ಕೈ ಕಟ್ಟಿಕೊಂಡು ಹೆಂಗ ಬರಿಯೂದು, ನೀವರ ಹೇಳ್ರಿ.