ಕರಡಿಗೆಯೊಳಗಿನ ತೂಕದ ಕಲ್ಲು

ನಮ್ಮ ಮನೆಯಲ್ಲಿ ಯಾವ ಮಗುವನ್ನು ತೂಗುವಾಗಲೂ ನಾನು ಬಾಗಿಲಾಚೆ ನಿಲ್ಲಬೇಕು. ಇದು ನನ್ನ ಹೆಂಡತಿ ಮಾಡಿದ ಕಟ್ಟಳೆ. ಅಪ್ಪನಿಗೆ ಇದೇನೋ ಮಡಿ ಇರಬೇಕು ಎಂದುಕೊಂಡೇ ಮಕ್ಕಳು ಬೆಳೆದರು. ಹೋದ ತಿಂಗಳು ದೊಡ್ಡ ಮಗಳು ಕೇಳಿಯೇಬಿಟ್ಟಳು: "ಅಪ್ಪಾ, ಅಮ್ಮ ನಿಮ್ಮನ್ನ ಯಾಕೆ ಆಚೆ ಕಳಿಸ್ತಾಳೆ?"

ಅವಳಮ್ಮ ಹೂ ಕಟ್ಟುತ್ತ ಕೂತಿದ್ದವಳು ತಲೆ ಎತ್ತಲಿಲ್ಲ. "ಅವರನ್ನೇ ಕೇಳು. ಅವರೇ ಹೇಳ್ಲಿ" ಅಂದಳು.

ಬರೆದು ಕೊಡುತ್ತೇನೆ ಎಂದೆ. ಕೇಳಿದವಳದೇ ಕಥೆ ಇದು. ಅವಳಿಗೆ ಆಗ ವರ್ಷವೂ ತುಂಬಿರಲಿಲ್ಲ.

ಐವತ್ತರ ದಶಕದ ನಡುವಿನ ವರ್ಷಗಳು. ಹೈಸ್ಕೂಲು ಮುಗಿಸಿ ನಾನು ಮಾಮೂಲ್‌ಪೇಟೆಯ ನಮ್ಮ ಗ್ರಂಧಿಗೆ ಅಂಗಡಿಯಲ್ಲಿ ಕೂತಿದ್ದೆ. ಬಜೆ, ಜಾಕಾಯಿ, ಅಳಲೆಕಾಯಿ, ಹಿಪ್ಪಲಿ, ಹೀಗೆ ಮನೆಮದ್ದಿಗೆ ಬೇಕಾದ ಬೇರು, ಕಾಯಿ, ತೊಗಟೆಗಳ ವ್ಯಾಪಾರ. ಪೇಟೆಯ ಅರ್ಧ ಮಕ್ಕಳು ನಮ್ಮ ಬಜೆ ನೆಕ್ಕಿಯೇ ದೊಡ್ಡವರಾದರು ಎಂದು ನಮ್ಮಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು. ಆದರೆ ನಮ್ಮ ಚೊಚ್ಚಲ ಗಂಡುಮಗು ಸೊರಗಿ ಸೊರಗಿ ವರ್ಷ ತುಂಬುವ ಮೊದಲೇ ಹೋಯಿತು. ಅಂಗಡಿಯ ಯಾವ ಡಬ್ಬಿಯೂ ಅದಕ್ಕೆ ಒದಗಿ ಬರಲಿಲ್ಲ. ಅದೇ ವರ್ಷ ಅಪ್ಪನೂ ಲಿಂಗೈಕ್ಯರಾದರು. ಅವರ ಲಿಂಗ ಅವರೊಂದಿಗೆ ಮಣ್ಣಿಗೆ ಹೋಯಿತು. ಅದನ್ನಿಡುತ್ತಿದ್ದ ದಪ್ಪ ಬೆಳ್ಳಿಯ ಕರಡಿಗೆ ಮಾತ್ರ ಪೆಟ್ಟಿಗೆಯಲ್ಲಿ ಖಾಲಿಯಾಗಿ ಉಳಿಯಿತು.

ಆಮೇಲೆ ಹುಟ್ಟಿದವಳು ಈ ಮಗಳು. ಚಾಮರಾಜಪೇಟೆಯ ವಠಾರದಲ್ಲಿ ನಮ್ಮದು ಎರಡು ಕೋಣೆಯ ಮನೆ. ಹೆಂಡತಿ ಮಗುವನ್ನು ಸೊಂಟದಿಂದ ಇಳಿಸುತ್ತಲೇ ಇರಲಿಲ್ಲ. ನೀರು ಸೇದುವಾಗಲೂ ಸೊಂಟದಲ್ಲೇ, ಒಲೆ ಊದುವಾಗಲೂ ಸೊಂಟದಲ್ಲೇ.

ಆ ದಿನಗಳಲ್ಲಿ ಒಬ್ಬ ಲೇಡಿ ಡಾಕ್ಟರು ತಿಂಗಳಿಗೊಮ್ಮೆ ನಮ್ಮ ಬೀದಿಗೆ ಜಟಕಾದಲ್ಲಿ ಬರತೊಡಗಿದರು. ಅವರ ಜೊತೆ ಗಡಿಯಾರದ ಮುಖದಂಥ ಮುಖವಿದ್ದ ಒಂದು ತಕ್ಕಡಿ. ಅದನ್ನು ತೊಟ್ಟಿಲ ಕೊಂಡಿಗೇ ತೂಗುಹಾಕಿ, ಕೆಳಗೆ ಬಟ್ಟೆಯ ಜೋಲಿ ಕಟ್ಟಿ, ಮಗುವನ್ನು ಅದರಲ್ಲಿ ಮಲಗಿಸಿ ತೂಗುವರು. ಯಾಕೆ ಎಂದು ಕೇಳಿದ್ದಕ್ಕೆ ಅವರು ನನಗೆ ಬಿಡಿಸಿ ಹೇಳಿದರು.

"ನೋಡಿ, ಮಗು ಮೊದಲನೇ ವರ್ಷ ಹೇಗೆ ಬೆಳೀಬೇಕು ಅಂತ ನಮ್ಮ ಹತ್ರ ಇರೋ ಪುಸ್ತಕಗಳೆಲ್ಲ ಬೇರೆ ದೇಶದ್ದು. ನಮ್ಮ ಮಕ್ಕಳ ಲೆಕ್ಕ ನಮಗೇ ಗೊತ್ತಿಲ್ಲ. ಅದನ್ನ ಕಂಡುಹಿಡೀಬೇಕು ಅಂತ ಹೊರಟಿದೀವಿ."

ಕೆಲವು ಮನೆಗಳಿಗೆ ಅವರು ರಾಗಿ, ಹುರಿಗಡಲೆ, ಕಡಲೆಕಾಯಿ ಬೀಜ ಬೆರೆಸಿದ ಒಂದು ಪುಡಿಯನ್ನೂ ಕೊಡುತ್ತಿದ್ದರು. ಕೆಲವು ಮನೆಗಳಿಗೆ ಕೊಡುತ್ತಿರಲಿಲ್ಲ. ಪುಡಿ ತಿಂದವರಿಗೂ ತಿನ್ನದವರಿಗೂ ವ್ಯತ್ಯಾಸವೇನು ಎಂದು ನೋಡುವುದು ಅವರ ಉದ್ದೇಶ. ನಮ್ಮದು ಪುಡಿ ಸಿಕ್ಕಿದ ಮನೆ.

ಪಕ್ಕದ ಮನೆಯ ಅಜ್ಜಿಗೆ ಇದೊಂದೂ ಹಿಡಿಸಲಿಲ್ಲ. "ಮಗೂನ ತೂಗ್ತಾರೇನೇ, ಅದೇನು ಬೆಲ್ಲದಚ್ಚಾ? ದೃಷ್ಟಿ ಆಗುತ್ತೆ! ನಿನ್ನ ಗಂಡ ಅಂಗಡೀಲಿ ಅಳಲೆಕಾಯಿ ತೂಗ್ತಾನೆ, ಈಯಮ್ಮ ಮನೇಲಿ ಮಗು ತೂಗ್ತಾಳೆ. ಚೆನ್ನಾಗಿದೆ ಕಣಮ್ಮ ನಿಮ್ಮ ಸಂಸಾರ!"

ಹೆಂಡತಿ ನಕ್ಕಳು. ಆದರೂ ಡಾಕ್ಟರು ಹೋದ ಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಎರಡೂ ಕಡೆ ಜಾಗ್ರತೆ.

ಮೊದಲ ದಿನವೇ ಒಂದು ತೊಡಕು ಬಂತು. ಬಳೆ, ಕಾಲ್ಗಡಗ, ಉಡಿದಾರ ಎಲ್ಲ ಬಿಚ್ಚಿ ತೂಗಬೇಕು ಎಂದರು. ಬಿಚ್ಚಿದೆವು. ಮಗುವಿನ ಕೊರಳಲ್ಲಿ ಪುಟ್ಟ ಕರಡಿಗೆಯಿತ್ತು, ಬಟ್ಟೆಯಲ್ಲಿ ಸುತ್ತಿ ಶಿವದಾರದಲ್ಲಿ ಕಟ್ಟಿದ್ದು. ಅದಕ್ಕೆ ಅವರು ಕೈ ಚಾಚಿದಾಗ ಹೆಂಡತಿ ಹಿಂದೆ ಸರಿದಳು. "ಲಿಂಗ ಮೈಮೇಲಿಂದ ತೆಗೆಯೋ ಹಾಗಿಲ್ಲ ಡಾಕ್ಟ್ರಮ್ಮ."

ಅವರು ಕೂಡಲೇ ಕೈ ಹಿಂದಕ್ಕೆ ತೆಗೆದುಕೊಂಡರು. "ಬೇಡ, ಇರ್ಲಿ" ಎಂದರು. ಹೊರಡುವಾಗ ಹೊಸ್ತಿಲ ಬಳಿ ನನಗೊಬ್ಬನಿಗೇ ಹೇಳಿದರು: "ಪ್ರತಿ ಸಲ ಅದೇ ಕರಡಿಗೆ ಇದ್ರೆ ಏನೂ ತೊಂದ್ರೆ ಇಲ್ಲ. ಹೋದ ತಿಂಗಳಿಗೂ ಈ ತಿಂಗಳಿಗೂ ಎಷ್ಟು ಹೆಚ್ಚಾಯ್ತು ಅನ್ನೋದೇ ನಮಗೆ ಮುಖ್ಯ. ಅದನ್ನ ಬದಲಾಯಿಸ್ಬೇಡಿ, ಅಷ್ಟೆ."

ತಕ್ಕಡಿಯ ಜೊತೆಯೇ ಬೆಳೆದವನು ನಾನು. ನನಗೆ ಆ ಮಾತು ಅವರು ಹೇಳುವ ಮೊದಲೇ ಅರ್ಥವಾಗಿತ್ತು.

ಕೆಲವು ತಿಂಗಳು ಮುಳ್ಳು ಚೆನ್ನಾಗಿ ಮೇಲೇರಿತು. ಆಮೇಲೊಂದು ತಿಂಗಳು ಏರಲಿಲ್ಲ. "ಮುಂದಿನ ಸಲ ನೋಡೋಣ" ಎಂದು ಡಾಕ್ಟರು ಹಗುರವಾಗಿಯೇ ಹೇಳಿದರು. ಆದರೆ ಹೆಂಡತಿ ಆ ದಿನ ಊಟ ಮಾಡಲಿಲ್ಲ. ಮಗುವನ್ನು ಮಡಿಲಲ್ಲಿಟ್ಟುಕೊಂಡು, ಸತ್ತ ಮಗುವಿನ ತೊಟ್ಟಿಲ ಬಟ್ಟೆಯಿದ್ದ ಗಂಟನ್ನೇ ನೋಡುತ್ತ ಕೂತಳು. ಅವಳನ್ನು ಹಾಗೆ ನೋಡುವುದು ನನ್ನಿಂದಾಗಲಿಲ್ಲ. ಮಗು ಹಾಲು ಕುಡಿಯುತ್ತದೆ, ನಗುತ್ತದೆ, ಸ್ವಲ್ಪ ಮೈ ಬೆಚ್ಚಗಿದ್ದರೆ ಹಲ್ಲು ಬರುತ್ತಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನಮ್ಮಂಗಡಿಯ ಬಜೆ ಇದೆಯಲ್ಲ.

ಮುಂದಿನ ತೂಕದ ದಿನ ಹತ್ತಿರ ಬಂದಾಗ ಅಪ್ಪನ ಕರಡಿಗೆಯನ್ನು ಹೊರತೆಗೆದೆ. "ಅಪ್ಪನ ಆಶೀರ್ವಾದ ಮಗು ಮೇಲಿರ್ಲಿ" ಎಂದೆ. ಹೆಂಡತಿ ಅದನ್ನು ಕಣ್ಣಿಗೊತ್ತಿಕೊಂಡಳು. ಪೂಜೆ ಮಾಡಿ, ಮಗುವಿನ ಲಿಂಗವನ್ನು ಪುಟ್ಟ ಕರಡಿಗೆಯಿಂದ ತೆಗೆದು ದೊಡ್ಡದರಲ್ಲಿಟ್ಟು, ಅಲುಗದಂತೆ ಸುತ್ತ ಹತ್ತಿ ತುಂಬಿದೆ. ಸತ್ತ ತಂದೆಯ ಹೆಸರನ್ನು ಸುಳ್ಳಿಗೆ ಹೊದಿಸಿದ್ದು ಹೀಗೆ. ಮೇಲೆ ಅದೇ ಬಟ್ಟೆ ಸುತ್ತಿದ್ದರಿಂದ ಡಾಕ್ಟರಿಗೆ ವ್ಯತ್ಯಾಸ ತಿಳಿಯಲಿಲ್ಲ. ಅದನ್ನು ಮುಟ್ಟಬಾರದೆಂಬ ಮರ್ಯಾದೆ ಅವರದು. ಮುಳ್ಳು ಏರಿತು. ಹೆಂಡತಿ ಆ ದಿನ ಶಾವಿಗೆ ಪಾಯಸ ಮಾಡಿದಳು. ನಾನು ಎರಡು ಲೋಟ ಕುಡಿದೆ.

ಒಮ್ಮೆ ಏರಿಸಿದ ಮುಳ್ಳನ್ನು ಮರುತಿಂಗಳೂ ಏರಿಸಬೇಕಲ್ಲ. ಆ ಸಲ ಅಂಗಡಿಯಿಂದ ಹತ್ತು ತೊಲದ ಹಿತ್ತಾಳೆಯ ತೂಕದ ಕಲ್ಲನ್ನು ಜೇಬಿನಲ್ಲಿ ತಂದೆ. ಬೆಳಿಗ್ಗೆ ಹೆಂಡತಿ ಬಚ್ಚಲಲ್ಲಿದ್ದಾಗ ಹತ್ತಿ ತೆಗೆದು, ಲಿಂಗದ ಪಕ್ಕದಲ್ಲೇ ಆ ಕಲ್ಲನ್ನಿಟ್ಟು ಕರಡಿಗೆ ಮುಚ್ಚಿದೆ. ಡಾಕ್ಟರು ಹೋದೊಡನೆ ತೆಗೆದು ಅಂಗಡಿಗೆ ಒಯ್ದೆ. ಇಷ್ಟು ವರ್ಷಗಳ ಮೇಲೂ ಇದನ್ನು ಬರೆಯುವಾಗ ನನ್ನ ಬೆರಳು ಹಿಂಜರಿಯುತ್ತದೆ.

ಆ ದಿನ ಡಾಕ್ಟರಿಗೆ ಸಂತೋಷವೋ ಸಂತೋಷ. "ಪುಡಿ ಒಗ್ಗಿದೆ ನೋಡಿ" ಎಂದರು.

ಹೆಂಡತಿ ಮಗುವನ್ನು ಜೋಲಿಯಿಂದೆತ್ತಿ ಸೊಂಟಕ್ಕೇರಿಸಿಕೊಂಡಳು. ಅವಳ ಹುಬ್ಬು ಗಂಟಿಕ್ಕಿತು. "ಡಾಕ್ಟ್ರಮ್ಮ, ತಪ್ಪು ತಿಳ್ಕೋಬೇಡಿ. ನಿಮ್ಮ ತಕ್ಕಡಿ ಏನಾದ್ರೂ ಹೇಳ್ಲಿ, ಈಚೆಗೆ ಮಗು ಹಗುರ ಆಗ್ತಿದೆ. ದಿನಾ ಹೊರ್ತೀನಲ್ಲ, ನನ್ನ ಸೊಂಟಕ್ಕೆ ಗೊತ್ತಾಗಲ್ವಾ?"

ಡಾಕ್ಟರು ಅವಳ ಭುಜ ತಟ್ಟಿದರು. "ಒಂದು ಮಗು ಕಳ್ಕೊಂಡಿದೀರಿ. ಭಯ ಇರುತ್ತೆ. ಮುಳ್ಳು ಸುಳ್ಳು ಹೇಳಲ್ಲಮ್ಮ."

ನಾನು ಪಕ್ಕದಲ್ಲೇ ನಿಂತಿದ್ದೆ. ತಕ್ಕಡಿಯನ್ನು ಕೊಂಡಿಯಿಂದ ಇಳಿಸಿ ಅವರ ಕೈಗೆ ಕೊಟ್ಟೆ.

ಸಂಜೆ ಅಂಗಡಿಯಿಂದ ಬಂದಾಗ ಅವಳು ಅಕ್ಕಿ ಆರಿಸುತ್ತಿದ್ದಳು. "ರೀ, ನನಗೇ ಏನೋ ಆಗಿದೆ ಅನ್ಸುತ್ತೆ" ಎಂದಳು. "ಇನ್ಮೇಲೆ ನನ್ನ ಮಾತು ನೀವೂ ನಂಬಬೇಡಿ. ನನ್ನ ಸೊಂಟಾನೂ ಸುಳ್ಳು ಹೇಳೋಕೆ ಶುರು ಮಾಡಿದೆ." ಇದನ್ನು ಅವಳು ಅಳುತ್ತ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ನಗುತ್ತ ಹೇಳಿದಳು, ತನ್ನನ್ನೇ ಹಾಸ್ಯ ಮಾಡಿಕೊಳ್ಳುವ ಹಾಗೆ. ಅವಳ ಸಂಕಟ ನೋಡಲಾರದೆ ಮಾಡಿದ್ದು ಅವಳ ಬುದ್ಧಿಯನ್ನೇ ಅವಳು ನಂಬದಂತೆ ಮಾಡಿತ್ತು. ಮಗುವನ್ನು ಎತ್ತಿಕೊಂಡೆ. ತಕ್ಕಡಿ ಹಿಡಿಯುವ ನನ್ನ ಕೈಗೂ ಗೊತ್ತಾಯಿತು. ಹಗುರವಾಗಿತ್ತು.

ಮರುದಿನ ವ್ಯಾಪಾರಕ್ಕೆ ಕೂರಲಿಲ್ಲ. ಅಂಗಡಿಯಿಂದ ಕಲ್ಲನ್ನು ಮಾತ್ರ ತಂದು, ಇಬ್ಬರನ್ನೂ ಕರೆದುಕೊಂಡು ಆ ಡಾಕ್ಟರಿದ್ದ ಆಸ್ಪತ್ರೆಗೆ ಹೋದೆ. ಯಾಕೆಂದು ಹೆಂಡತಿ ದಾರಿಯುದ್ದಕ್ಕೂ ಕೇಳಿದಳು. ನಾನು ಜಟಕಾ ಕುದುರೆಯ ಬಾಲ ನೋಡುತ್ತ ಕೂತಿದ್ದೆ.

ಡಾಕ್ಟರ ಮೇಜಿನ ಮೇಲೆ ಮೊದಲು ಮಗುವಿನ ಹಳೆಯ ಪುಟ್ಟ ಕರಡಿಗೆಯನ್ನಿಟ್ಟೆ. ಅದರ ಪಕ್ಕ ಹಿತ್ತಾಳೆಯ ಕಲ್ಲನ್ನಿಟ್ಟೆ.

"ಇದೇನಿದು?" ಎಂದರು.

"ಹಿಂದಿನ ತಿಂಗಳು ಅಪ್ಪನ ದಪ್ಪ ಕರಡಿಗೆ ಕಟ್ಟಿದ್ದೆ. ಈ ತಿಂಗಳು ಅದರೊಳಗೆ ಈ ಕಲ್ಲೂ ಇತ್ತು. ಮಗು ತೂಕ ಏರಿಲ್ಲ ಡಾಕ್ಟ್ರಮ್ಮ. ಏರಿಸಿದ್ದು ನಾನು. ಇವಳು ಹೇಳಿದ್ದೇ ನಿಜ."

ಹೆಂಡತಿ ನನ್ನ ಕಡೆ ನೋಡಲೇ ಇಲ್ಲ. ಮಗುವನ್ನು ಡಾಕ್ಟರ ಕೈಗೆ ಕೊಟ್ಟು, "ಈಗ ತೂಗಿ" ಎಂದಳು. ಹಳೆಯ ಕರಡಿಗೆಗೆ ತಾನೇ ಲಿಂಗವನ್ನು ಬದಲಿಸಿ ಕಟ್ಟಿದಳು. ಸಹಾಯಕ್ಕೆ ಹೋದ ನನ್ನ ಕೈಯನ್ನು ಮೊಣಕೈಯಿಂದ ದೂಡಿದಳು.

ತೂಗಿದರು. ಮಗುವಿನ ತೂಕ ಇಳಿದಿತ್ತು. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಪರೀಕ್ಷೆಗೆಂದು ಮುಂಗೈಗೆ ಒಂದು ಸಣ್ಣ ಸೂಜಿ ಚುಚ್ಚಿದರು. ಕೆಲವು ದಿನ ಬಿಟ್ಟು ನೋಡಿದಾಗ ಆ ಜಾಗ ಕೆಂಪಗೆ ಗಡ್ಡೆ ಕಟ್ಟಿತ್ತು. ಎಕ್ಸ್‌ರೇ ತೆಗೆದರು. ಎಳೆಮಕ್ಕಳಿಗೆ ಬರುವ ಕ್ಷಯದ ಮೊದಲ ಹಂತ, ಪ್ರೈಮರಿ ಕಾಂಪ್ಲೆಕ್ಸ್ ಎಂದರು. ನನಗೆ ಕುರ್ಚಿ ತೋರಿಸಿದರು.

"ಕೆಲವು ವರ್ಷದ ಹಿಂದೆ ಆಗಿದ್ರೆ ಏನು ಹೇಳ್ತಿದ್ನೋ ಗೊತ್ತಿಲ್ಲ. ಈಗ ಹೊಸ ಮಾತ್ರೆ ಬಂದಿದೆ. ತಪ್ಪದೇ ಕೊಟ್ರೆ ವಾಸಿಯಾಗುತ್ತೆ" ಎಂದರು. ಆಮೇಲೆ ಸ್ವಲ್ಪ ಗಟ್ಟಿ ದನಿಯಲ್ಲಿ, "ಇನ್ನೊಂದು ತಿಂಗಳು ಆ ಕಲ್ಲು ನಂಬಿಕೊಂಡು ಕೂತಿದ್ರೆ? ಪುಡಿಯಿಂದಲೇ ಮಗು ಬೆಳೀತಿದೆ ಅಂತ ನಾನು ಬರ್ಕೊಂಡಿದ್ದೆ. ಅದನ್ನ ನಂಬಿ ನಾಳೆ ಇನ್ಯಾವುದೋ ಊರಲ್ಲಿ ಕಾಯಿಲೆ ಮಗೂಗೆ ಬರೀ ಪುಡಿ ಕೊಟ್ಟು ಕೂರ್ತಿದ್ರು. ನೀವು ತೂಕದವರು. ನಿಮಗೆ ನಾನು ಹೇಳ್ಬೇಕಾ?" ಎಂದರು.

ಅವರು ಹೆಂಡತಿಯ ಕಡೆ ತಿರುಗಿ ಎರಡೂ ಕೈ ಜೋಡಿಸಿದರು. "ನಿಮ್ಮ ಮಾತು ಕೇಳ್ಬೇಕಿತ್ತಮ್ಮ ನಾನು." ಅವಳು ಗಾಬರಿಯಾಗಿ, "ಅಯ್ಯೋ ಬಿಡಿ, ಕಲ್ಲಿಟ್ಟೋರು ನೀವಲ್ಲವಲ್ಲ" ಎಂದಳು.

ಮನೆಯವರೆಲ್ಲ ಎಕ್ಸ್‌ರೇ ತೆಗೆಸಿಕೊಂಡೆವು. ಯಾರ ಕೆಮ್ಮಿನಿಂದ ಬಂತೋ ತಿಳಿಯಲೇ ಇಲ್ಲ. ಮಾತ್ರೆಯನ್ನು ಜೇನಿನಲ್ಲಿ ಅರೆದು ಕೊಡುವುದು ನನ್ನ ಪಾಲಿನ ಕೆಲಸವಾಯಿತು. ಬಜೆ ತೇಯುವ ಕಲ್ಲಿನ ಮೇಲೆಯೇ ಅರೆದೆ. ಹೆಂಡತಿ ಎದುರಿಗೆ ಕೂತು, ಕೊನೆಯ ಚೂರೂ ಕರಗುವವರೆಗೆ ನೋಡುತ್ತಿದ್ದಳು. ಬಹಳ ದಿನ ನನ್ನೊಡನೆ ಅವಳ ಮಾತು ಮಾತ್ರೆಯ ಬಗ್ಗೆ ಮಾತ್ರ.

ಲಿಂಗ ಕಟ್ಟಿದ್ದ ಅಯ್ಯನವರ ಬಳಿ ಹೋಗಿ ಎಲ್ಲವನ್ನೂ ಹೇಳಿ ತಪ್ಪುಗಾಣಿಕೆ ಇಟ್ಟೆ. "ಇಲ್ಲಿಗೇನೋ ಇಟ್ಟೆ. ಆ ಡಾಕ್ಟರಿಗೇನು ಇಡ್ತೀಯಪ್ಪ?" ಎಂದು ಅವರು ಕೇಳಿದರು. ಹಾಗಾಗಿ ಡಾಕ್ಟರು ಬೀದಿಗೆ ಬರುವ ದಿನ ಅಂಗಡಿಗೆ ರಜ ಹಾಕಿ, ಅವರ ತಕ್ಕಡಿ ಹೊತ್ತು ಮನೆಮನೆಗೆ ಹೋದೆ. ಹೆದರಿ ಬಾಗಿಲು ಹಾಕಿಕೊಂಡವರಿಗೆ ನನ್ನ ಕಥೆಯನ್ನೇ ಹೇಳಿದೆ. ಹಲವರು ಬಾಗಿಲು ತೆರೆದರು. ಕೊಂಡಿಗೆ ತಕ್ಕಡಿ ಸಿಕ್ಕಿಸಿ ನಾನು ಮುಳ್ಳಿನ ಕಡೆ ಕಣ್ಣು ಹಾಯಿಸಿದರೆ ಡಾಕ್ಟರು ಕೆಮ್ಮುವರು. "ಹೊರೋದು ನೀವು, ಓದೋದು ನಾನು. ಆಚೆ ನಿಂತ್ಕೊಳ್ಳಿ."

ಆ ಮಾತು ಹೆಂಡತಿಗೆ ಬಹಳ ರುಚಿಸಿತು. ಅಲ್ಲಿಂದಲೇ ಈ ಕಟ್ಟಳೆ ಶುರುವಾದದ್ದು.

ಮಗಳ ಕೆನ್ನೆ ತುಂಬಿಕೊಂಡ ಮೇಲೆ ಹೆಂಡತಿಯ ಬಾಯೂ ಬಿಚ್ಚಿತು. ಬಿಚ್ಚಿದ್ದು ಇವತ್ತಿಗೂ ಮುಚ್ಚಿಲ್ಲ. ನಾನು ಬದನೆಕಾಯಿ ತಂದರೆ ಕೈಯಲ್ಲಿ ತೂಗಿ ನೋಡಿ, "ಕರಡಿಗೆ ಸೇರಿಸಿ ಕೊಟ್ರಾ, ಬರೀ ಬದನೆಕಾಯಾ?" ಎನ್ನುತ್ತಾಳೆ. ಸಂಬಂಧಿಕರು ನಮ್ಮ ಅಂಗಡಿಯ ತೂಕವನ್ನು ಹೊಗಳಿದರೆ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಾಳೆ. ನಾನು ಕೇಳಿಸಿಕೊಳ್ಳುತ್ತೇನೆ. ಕೇಳಿಸಿಕೊಳ್ಳಲು ಸುಖವಾಗಿಯೇ ಇದೆ. ಆ ಮಾತುಗಳ ನಡುವೆಯೇ ಮಗಳು ಓದಿದಳು, ಮದುವೆಯಾದಳು, ಸಂಸಾರ ಬೆಳೆಸಿದಳು. ತಪ್ಪು ಮಾಡಿದವನಿಗೆ ಇಷ್ಟು ಸಿಕ್ಕಿತಲ್ಲ ಎಂದು ಎಷ್ಟೋ ಸಲ ಅನ್ನಿಸಿದೆ.

ಇಷ್ಟು ಬರೆದು ಮಗಳ ಕೈಗೆ ಕೊಟ್ಟೆ. ಅವಳು ಓದಿ, ಕಣ್ಣೊರೆಸಿಕೊಂಡು, ಅಮ್ಮನಿಗೂ ಓದಿ ಹೇಳಿದಳು.

ಮೊನ್ನೆ ಮೊಮ್ಮಗಳ ಮಗುವನ್ನು ತೂಗಿಸಲು ಬಸವನಗುಡಿಯ ಡಾಕ್ಟರ ಬಳಿ ಹೋಗಿದ್ದೆವು. ಅಭ್ಯಾಸದಂತೆ ನಾನು ಬಾಗಿಲಾಚೆ ನಿಂತೆ. ಒಳಗೆ ಹೆಂಡತಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಒಮ್ಮೆ ಕುಲುಕಿ ನೋಡಿದಳು. "ಗಟ್ಟಿಯಾಗಿದೆ" ಎಂದು ಡಾಕ್ಟರಿಗಿಂತ ಮೊದಲೇ ಹೇಳಿದಳು. ಮತ್ತೆ ಬಾಗಿಲ ಕಡೆ ತಿರುಗಿದಳು.

"ರೀ, ಒಳಗೆ ಬನ್ನಿ. ಕೈ ಎರಡೂ ಹಿಂದೆ ಕಟ್ಕೊಂಡು ನಿಂತ್ಕೊಳ್ಳಿ."

ಹೋದೆ. ಕೈ ಹಿಂದೆ ಕಟ್ಟಿಕೊಂಡೆ. ತೂಕ ಎಷ್ಟೆಂದು ನನ್ನ ಕಣ್ಣಾರೆ ಓದಿದೆ.