ನನ್ನ ಮೀಸೆಯ ಮೇಲೆ ಅಕ್ಕನ ಕಣ್ಣು

ಕೊಟ್ಟೂರಿನ ಬಸ್ ನಿಲ್ದಾಣದ ಎದುರಿನ ಕಟಿಂಗ್ ಶಾಪಿನಲ್ಲಿ ಇವತ್ತು ಬೆಳಿಗ್ಗೆ, ಹೊಸದಾಗಿ ಸೇರಿದ ರಫೀಕ್ ನನ್ನ ಮೇಲ್ದುಟಿ ಬೋಳಿಸುತ್ತ ಮರುಗಿದ.

"ಮೀಸಿ ಬಿಡ್ರಿ ಸರ, ನಿಮ್ ಮಾರಿಗೆ ಭಾಳ ಒಪ್ಪತೈತಿ."

"ಬ್ಯಾಡಪ್ಪಾ, ನಮ್ಮಕ್ಕಗ ಕೇಳ್ಸಂಗಿಲ್ಲ" ಅಂದೆ.

ಅವನು ಕನ್ನಡಿಯಲ್ಲೇ ನನ್ನನ್ನು ಅನುಮಾನದಿಂದ ನೋಡಿದ. ನಿಮಗೂ ಅನುಮಾನ ಬಂದಿರಬೇಕು, ಹೇಳುತ್ತೇನೆ.

ನನ್ನ ಅಕ್ಕ ಶಾರದೆಗೆ ಹುಟ್ಟಿನಿಂದ ಕಿವಿ ಬಹಳ ಮಂದ. ಚರ್ಮ ಒರಟು, ಅಂಗೈ ದಪ್ಪ, ಹುಬ್ಬಿನಲ್ಲಿ ಎಣಿಸುವಷ್ಟೇ ಕೂದಲು. ಆದರೆ ತುಟಿ ನೋಡಿ ಮಾತು ಓದುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಸಂತೆಯಲ್ಲಿ ಯಾರೋ ದೂರ ನಿಂತು ಗುಸುಗುಸು ಅಂದದ್ದನ್ನೂ ಮನೆಗೆ ಬಂದು ಅವ್ವನಿಗೆ ವರದಿ ಒಪ್ಪಿಸುತ್ತಿದ್ದಳು. ಅವಳ ಎದುರು ನಾವ್ಯಾರೂ ಎಲೆಅಡಿಕೆ ಜಗಿಯುತ್ತ ಮಾತಾಡುತ್ತಿರಲಿಲ್ಲ, ಬೆಳಕಿಗೆ ಬೆನ್ನು ಹಾಕುತ್ತಿರಲಿಲ್ಲ. ಅಪ್ಪ ಅವಳಿಗಾಗಿಯೇ ಮೀಸೆ ತೆಗೆದಿದ್ದ. ಕಾಲೇಜು ಸೇರಿದ ನಾನು ಮಾತ್ರ ದಪ್ಪ ಮೀಸೆ ಬಿಟ್ಟುಕೊಂಡು ಜಂಬದಿಂದ ಮನೆಗೆ ಬಂದೆ. ಅಕ್ಕ ಬಹಳ ಹೊತ್ತು ನನ್ನ ಬಾಯನ್ನೇ ನೋಡಿ, "ಲೇ ತಮ್ಮಾ, ನಿನ್ ಮಾತು ಪೊದಿಯಾಗ ಕುಂತೈತಿ" ಅಂದಳು. ಅಂದೇ ಮೀಸೆ ಹೋಯಿತು. ಮನೆಯಲ್ಲಿ ಯಾರು ತೀರಿಕೊಂಡರು ಎಂದು ಓಣಿಯವರು ಕೇಳಿದರು.

ಅವಳಿಗೆ ಮೂವತ್ತರ ಸುಮಾರಿಗೆ "ಏನಂದಿ?" ಅನ್ನುವುದು ಹೆಚ್ಚಾಯಿತು. ನಾನೆಂಥ ಜಾಣ ನೋಡಿ, ಮೀಸೆ ಚಿಗುರಿರಬೇಕೆಂದು ದಿನಕ್ಕೆರಡು ಸಲ ಬೋಳಿಸಿಕೊಂಡೆ. ನನ್ನ ತುಟಿ ಉರಿಯಿತೇ ಹೊರತು ಅವಳಿಗೆ ಮಾತು ತಿಳಿಯಲಿಲ್ಲ. ಒಂದು ಮಧ್ಯಾಹ್ನ ಅವಳು ಅಂಗಳದ ಬಿಸಿಲಿಗೆ ಕಣ್ಣು ತೆರೆಯಲಾಗದೆ, ಮುಖಕ್ಕೆ ಸೆರಗು ಮುಚ್ಚಿ ಕೂತಿದ್ದಳು. ಆಗ ತಿಳಿಯಿತು, ತಪ್ಪು ನನ್ನ ತುಟಿಯದಲ್ಲ, ಅವಳ ಕಣ್ಣಿನದು. ಕಣ್ಣು ಹೋದರೆ ಅವಳಿಗೆ ನಮ್ಮೆಲ್ಲರ ಮಾತೂ ಹೋದಂತೆ.

ಮನೆಯಲ್ಲಿ ಅವಳ ಚೀಟಿಗಳಿಗೆ ಮೂರು ಚೀಲಗಳಿದ್ದವು. ಚರ್ಮದ ಡಾಕ್ಟರು ಹಡಗಲಿಯಲ್ಲಿ, ಕಿವಿಯವರು ಹರಪನಹಳ್ಳಿಯಲ್ಲಿ, ಕಣ್ಣಿನವರು ಹಗರಿಬೊಮ್ಮನಹಳ್ಳಿಯಲ್ಲಿ. ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸಿದರೆ ಬೈಯುತ್ತಾರೆಂಬುದು ಅವ್ವನ ಭಯ. ಅವಸರದಲ್ಲಿ ನಾನು ಅಲ್ಲಿಗೆ ಹೊಸದಾಗಿ ಬಂದಿದ್ದ ಕಣ್ಣಿನ ಡಾಕ್ಟರಮ್ಮನ ಬಳಿಗೆ ಚರ್ಮದ ಚೀಟಿಗಳ ಚೀಲ ಒಯ್ದಿದ್ದೆ. ಅವ್ವ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಡಾಕ್ಟರಮ್ಮ ಮಾತ್ರ ಒಂದೊಂದೇ ಚೀಟಿ ಓದಿ, ಅಕ್ಕನ ಅಂಗೈ ತಿರುಗಿಸಿ ನೋಡಿ, "ಇವರಿಗೆ ಕಿವಿನೂ ಕೇಳಲ್ಲ ಅಲ್ವಾ?" ಅಂದರು. ನಾವಿನ್ನೂ ಹೇಳಿಯೇ ಇರಲಿಲ್ಲ!

ಮೂರಲ್ಲ, ಇದು ಒಂದೇ ಕಾಯಿಲೆ ಇರಬೇಕು, ಬಹಳ ಅಪರೂಪದ್ದು, ವಂಶವಾಹಿಯಲ್ಲೇ ಬಂದದ್ದು ಎಂದರು. ಮುಂದೆ ದೊಡ್ಡಾಸ್ಪತ್ರೆಯವರೂ ಅದನ್ನೇ ಹೇಳಿದರು. ಕಣ್ಣಿನ ಮುಂದಿನ ಗಾಜಿನಂಥ ಪದರದ ಮೇಲೆ ರಕ್ತನಾಳಗಳು ಹಬ್ಬಿ ಅದು ಮಸುಕಾಗುತ್ತಿತ್ತು.

ಅವತ್ತು ಅವ್ವ ಡಾಕ್ಟರಮ್ಮನಿಗೆ ಮೆಲ್ಲಗೆ, "ಬಸರಿದ್ದಾಗ ಗ್ರಹಣದಾಗ ಹೊರಗ ಬಂದಿದ್ನಿರಿ" ಅಂದಳು.

"ನಿಮ್ಮದೇನೂ ತಪ್ಪಿಲ್ಲಮ್ಮ" ಅಂದರು ಅವರು.

ಮೂವತ್ತು ವರ್ಷ ಒಬ್ಬಳೇ ಹೊತ್ತ ಮಾತು ಅದು. ಅವ್ವ ಆ ತಪ್ಪು ಚೀಲವನ್ನೇ ಮುಖಕ್ಕೊತ್ತಿಕೊಂಡು ಅತ್ತಳು. ನಾನೂ ಅತ್ತೆ, ನಾಚಿಕೆಯೇನಿಲ್ಲ.

ವಾಸಿಯಾಗುವ ಕಾಯಿಲೆ ಅಲ್ಲ, ಕಾಯ್ದುಕೊಳ್ಳಬೇಕು. ಗಂಟೆಗೊಮ್ಮೆ ಹನಿ, ಬಿಸಿಲಿಗೆ ಕಪ್ಪು ಕನ್ನಡಕ. ಎಡಗಣ್ಣು ಮಬ್ಬಾಗಿಯೇ ಉಳಿಯಿತು, ಬಲಗಣ್ಣಿನ ದೃಷ್ಟಿ ದಕ್ಕಿತು. ಚೀಟಿಗಳೆಲ್ಲ ಈಗ ಒಂದೇ ಚೀಲದಲ್ಲಿವೆ.

ಇವತ್ತು ಕಟಿಂಗ್ ಶಾಪಿನಿಂದ ಮನೆಗೆ ಬಂದಾಗ ಅಕ್ಕ ಆಗಷ್ಟೇ ಹನಿ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದಳು. ನನ್ನನ್ನು ಹತ್ತಿರ ಕರೆದು, ದಪ್ಪ ಬೆರಳನ್ನು ನನ್ನ ಮೂಗಿನ ಕೆಳಗೆ ಒತ್ತಿದಳು.

"ಕಟಿಂಗಿನಾವ ಇಲ್ಲೊಂದು ಬಿಟ್ಟಾನ ನೋಡು."

ಕನ್ನಡಿಯಲ್ಲಿ ನನಗೇನೂ ಕಾಣಲಿಲ್ಲ. ಚಾಳೀಸು ಹಾಕಿಕೊಂಡು, ಗಾಜಿಗೆ ಮೂಗು ತಾಗಿಸಿದ ಮೇಲೆ ಕಂಡಿತು, ಒಂದೇ ಒಂದು ಕೂದಲು. ಬ್ಲೇಡು ಕೈಗೆತ್ತಿಕೊಂಡವನು ಹಾಗೇ ಕೆಳಗಿಟ್ಟೆ. ಇರಲಿ, ನಾಳೆಯೂ ಅದು ಅವಳ ಕಣ್ಣಿಗೆ ಬೀಳಲಿ.