ಮೇಯಿಸಿದ ಹೊಲಕ್ಕೆ ತೂಕವಿಲ್ಲ

ಯಾವ ಹೋಬಳಿಗೆ ಬರ ಪರಿಹಾರ ಸಲ್ಲಬೇಕೆಂದು ಸರ್ಕಾರಕ್ಕೆ ಸಲಹೆ ಕೊಡುವ ಸಮಿತಿಯೊಂದಕ್ಕೆ ಪಟ್ಟಿ ಸಿದ್ಧಮಾಡುವುದು ಚೆನ್ನೈನ ಕಚೇರಿಯಲ್ಲಿ ನನ್ನ ಕೆಲಸವಾಗಿತ್ತು. ತಾಂಬರಂನಿಂದ ಎಲೆಕ್ಟ್ರಿಕ್ ರೈಲಿನಲ್ಲಿ ನುಗ್ಗಿಕೊಂಡು ಬಂದು, ಫ್ಯಾನಿನ ಕೆಳಗೆ ಕೂತು, ಕಂಡಿರದ ಊರುಗಳ ಒಣಗಿದ ಪೈರಿನ ಬಗ್ಗೆ ಷರಾ ಬರೆಯುತ್ತಿದ್ದೆ. ನಾಚಿಕೆಗೇಡು. ಆಗ ಹಾಗನ್ನಿಸುತ್ತಿರಲಿಲ್ಲ, ಅಷ್ಟೆ.

ಕ್ರಮ ಹೀಗಿತ್ತು. ಪ್ರತಿ ವರ್ಷ ಊರಿನ ಕೆಲವು ಹೊಲಗಳನ್ನು ಚೀಟಿ ಎತ್ತಿದ ಹಾಗೆ ಸರ್ವೆ ನಂಬರಿನ ಮೇಲೆ ಆರಿಸುತ್ತಿದ್ದರು. ಕೊಯ್ಲಿನ ಹೊತ್ತಿಗೆ ಸಿಬ್ಬಂದಿ ಹೋಗಿ, ಹೊಲದ ಒಂದು ಚೌಕಕ್ಕೆ ಹಗ್ಗ ಕಟ್ಟಿ, ಅದರೊಳಗಿನ ಪೈರು ಕೊಯ್ದು ತೂಗುವರು. ಕಾಳು ಕಟ್ಟಿರದಿದ್ದರೆ ಸೊನ್ನೆ. ಹೊಲ ಮೊದಲೇ ಬರಿದಾಗಿದ್ದರೆ ಮಾತ್ರ ಕೊಯ್ಲಾಗಿದೆ ಎಂದು ಬರೆದು, ಪೈರು ನಿಂತಿರುವ ಬೇರೆ ಹೊಲವನ್ನು ತೂಗುವರು.

ಒಮ್ಮೆ ತಮಿಳು ಸೀಮೆಯ ಗಡಿ ಬೆಟ್ಟದ ಮೇಲಿನ ಕನ್ನಡ ಹಳ್ಳಿಯಿಂದ ಹೆಂಗಸೊಬ್ಬಳು ಬಂದಳು. ನಿಮ್ಮೂರಿನವರು ಎಂದು ನಗುತ್ತಾ ಸಹೋದ್ಯೋಗಿ ಆಕೆಯನ್ನು ನನ್ನ ಮೇಜಿಗೆ ಸಾಗಹಾಕಿದ. ನಮ್ಮದು ಧಾರವಾಡ ಕಡೆಯ ರೈಲ್ವೆ ಮನೆತನ, ಆಕೆಯ ಊರಿನ ದಿಕ್ಕೂ ನನಗೆ ಗೊತ್ತಿರಲಿಲ್ಲ. ಆರಿಸಿದ ಹೊಲಗಳಲ್ಲಿ ಆಕೆಯದೂ ಒಂದು. ರಾಗಿ ಒಣಗಿತ್ತು, ಮೇವಿಗೆ ಗತಿಯಿರಲಿಲ್ಲ, ಸಿಬ್ಬಂದಿ ಬರುವ ಮೊದಲೇ ಹಸುವನ್ನು ಬಿಟ್ಟು ಮೇಯಿಸಿಬಿಟ್ಟಿದ್ದಳು. ಮಳೆ ನಂಬಿದವರೆಲ್ಲ ಅದನ್ನೇ ಮಾಡಿದ್ದರು. ಕೊನೆಗೆ ತೂಕಕ್ಕೆ ಸಿಕ್ಕಿದ್ದು ಬಾವಿ ಇದ್ದವರ ಹೊಲ. ಹೋಬಳಿಯ ಇಳುವರಿ ಚೆನ್ನಾಗಿದೆ ಎಂದಾಯಿತು, ಅದರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು.

ಅಷ್ಟು ಅವಸರ ಏನಿತ್ತು, ಯಾಕೆ ಮೇಯಿಸಿದಿರಿ ಎಂದು ರೇಗಿದೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ.

“ನೀವು ಬರಗಂಟ ಹಸ ಉಪಾಸ ಇದ್ದದಾ ಅವ್ವ?” ಎಂದಳು.

ಮಧ್ಯಾಹ್ನ ಸಮಿತಿಯ ಸಭೆಯಲ್ಲಿ ಎದ್ದು ನಿಂತು, ಮೇಯಿಸಿದ ಹೊಲಗಳನ್ನೂ ಸೊನ್ನೆ ಎಂದೇ ಹಿಡಿಯಬೇಕು ಎಂದೆ. ಅಧ್ಯಕ್ಷರು ಸಿಟ್ಟಾಗಲಿಲ್ಲ. ಕಣ್ಣಿಗೆ ಕಾಣದ್ದನ್ನು ಬರೆದುಕೊಂಡರೆ ನಾಳೆ ಕೊಯ್ದು ಒಳಗಿಟ್ಟವರೂ ಮೇಯಿಸಿದೆವು ಅನ್ನುತ್ತಾರಮ್ಮ ಎಂದು ತಮಿಳಿನಲ್ಲಿ ಸಮಾಧಾನ ಹೇಳಿದರು. ಅವರ ಮಾತು ಸುಳ್ಳಲ್ಲ. ಅದೇ ನನ್ನ ಹೊಟ್ಟೆ ಉರಿಸಿದ್ದು.

ಆಕೆ ಹೊರಗೆ ಬೆಂಚಿನ ಮೇಲೆ ಕಾದಿದ್ದಳು. ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ ಬುದ್ಧಿ ಹೇಳಿದೆ: ಇನ್ನೊಮ್ಮೆ ಹೀಗಾದರೆ ಏನೇ ಆಗಲಿ ಪೈರು ಮುಟ್ಟಬೇಡಿ, ಅಳೆಯುವವರು ಬರುವ ತನಕ ಹಾಗೇ ನಿಲ್ಲಿಸಿ. ನನ್ನ ಫೋನ್ ನಂಬರನ್ನೂ ಬರೆದುಕೊಟ್ಟೆ. ದೊಡ್ಡ ಉಪಕಾರ ಮಾಡಿದೆನೆಂದುಕೊಂಡು ರೈಲು ಹತ್ತಿದೆ.

ಮರುವರ್ಷವೂ ಮಳೆ ಕೈಕೊಟ್ಟಿತು. ಒಂದು ದಿನ ಕಚೇರಿಯಲ್ಲಿರುವಾಗ ಆಕೆಯ ಫೋನ್ ಬಂತು.

“ಒಂದು ಕಡ್ಡಿ ಮುಟ್ಟಿಲ್ಲ ಕನವ್ವ. ಹಸ ಸತ್ತೋಯ್ತು. ಪೈರು ಹಂಗೇ ನಿಂತದ. ನಿಮ್ಮೋರು ಯಾವತ್ತು ಬತ್ತರ?”

ಪಟ್ಟಿ ನನ್ನ ಮುಂದೆಯೇ ಇತ್ತು. ಆ ವರ್ಷದ ಚೀಟಿ ಬೇರೆಯವರ ಹೊಲಗಳಿಗೆ ಬಿದ್ದಿತ್ತು, ಆ ಊರಿನ ತೂಕವೂ ಮುಗಿದಿತ್ತು. ವರ್ಷ ವರ್ಷ ಹೊಲ ಬದಲಾಗುತ್ತದೆಂದು ನಾನು ಆಕೆಗೆ ಹೇಳಿಯೇ ಇರಲಿಲ್ಲ. ಕಂಡವರ ದನ ನುಗ್ಗದ ಹಾಗೆ ಬೆಳಗಿನಿಂದ ಬದುವಿನ ಮೇಲೆ ಕಾವಲು ಕೂತಿದ್ದಾಳಂತೆ. ಎದ್ದು ಮನೆಗೆ ಹೋಗಿ ಎನ್ನಬೇಕಾದವಳು, ವಿಚಾರಿಸಿ ಹೇಳುತ್ತೇನೆ ಎಂದೆ.